ಓದುಗರ ಪ್ರಶ್ನೆಗೆ ಉತ್ತರ: ರ‍್ಯಾಲಿ ಚಾಲಕ ಕಲ್ಲೆ ರೋವನ್‌ಪೆರಾ

ಪ್ರಶ್ನೆ: ಫಿನ್ಲೆಂಡಿನ ಕಾರು ರ‍್ಯಾಲಿ ಚಾಲಕ ಕಲ್ಲೆ ರೋವನ್‌ಪೆರಾ ಅವರಿಗೆ ಇಷ್ಟೊಂದು ಜನಪ್ರಿಯತೆ ಬಂದುದು ಕೇವಲ ಕಿರಿಯ ವಯಸ್ಸಿನ ಕಾರಣದಿಂದಲೇ?
– ಓದುಗರೊಬ್ಬರು, ಮಂಗಳೂರು

ಉತ್ತರ: ವಯಸ್ಸು ಒಂದು ಕಾರಣ ಹೌದು. 2000ದ ಅಕ್ಟೋಬರ್ 1ರಂದು ಜನಿಸಿದ ಅವರು 2021ರಲ್ಲಿ ಎಸ್ಟೋನಿಯಾ ರ‍್ಯಾಲಿ ಗೆದ್ದಾಗ ವಿಶ್ವ ರ‍್ಯಾಲಿಯೊಂದರ ಅತಿ ಕಿರಿಯ ವಿಜೇತರೆನಿಸಿದರು; ಮರುವರ್ಷ ನ್ಯೂಜಿಲೆಂಡಿನಲ್ಲಿ, ಇಪ್ಪತ್ತೆರಡನೆಯ ಹುಟ್ಟುಹಬ್ಬದ ಮರುದಿನವೇ ವಿಶ್ವ ಚಾಂಪಿಯನ್ ಆದರು. ಅದುವರೆಗಿನ ದಾಖಲೆ 1995ರಲ್ಲಿ ಇಪ್ಪತ್ತೇಳರ ವಯಸ್ಸಿನಲ್ಲಿ ಗೆದ್ದ ಸ್ಕಾಟ್ಲೆಂಡಿನ ಕಾಲಿನ್ ಮೆಕ್ರೇ ಅವರದಾಗಿತ್ತು. ಆದರೆ ಫಿನ್ಲೆಂಡಿನ ಜನರ ಸಂಭ್ರಮಕ್ಕೆ ಇನ್ನೂ ಆಳವಾದ ಕಾರಣವಿದೆ. 1981ರಲ್ಲಿ ಆರಿ ವಾತನೆನ್ ಅವರಿಂದ ಆರಂಭಿಸಿ ಹಲವರು ವಿಶ್ವ ಪಟ್ಟ ಗೆದ್ದ, ಯುಹಾ ಕಂಕುನೆನ್, ಟೊಮ್ಮಿ ಮ್ಯಾಕಿನೆನ್ ತಲಾ ನಾಲ್ಕು ಬಾರಿ ಗೆದ್ದ ಆ ಪುಟ್ಟ ದೇಶಕ್ಕೆ, 2002ರ ಮಾರ್ಕುಸ್ ಗ್ರೋನ್‌ಹೋಮ್ ಅವರ ಗೆಲುವಿನ ಬಳಿಕ ಇಪ್ಪತ್ತು ವರ್ಷ ಆ ಪಟ್ಟ ದಕ್ಕಿರಲಿಲ್ಲ. ಅದನ್ನು ಮರಳಿ ತಂದವರು ರೋವನ್‌ಪೆರಾ. 2023ರಲ್ಲಿ ಉಳಿಸಿಕೊಂಡವರೂ ಅವರೇ. ನನಗೆ ಅವರಲ್ಲಿ ಎಲ್ಲಕ್ಕಿಂತ ಮೆಚ್ಚುಗೆಯಾಗುವುದು ಅವರ ಶಾಂತ ಸ್ವಭಾವ. ಕೀನ್ಯಾದ ಸಫಾರಿ ರ‍್ಯಾಲಿಯ ಕಲ್ಲು, ಧೂಳು, ಕೆಸರಿನ ದಾರಿಯಲ್ಲಿ ಎರಡು ಬಾರಿ ಗೆಲ್ಲಲು ವೇಗದಷ್ಟೇ ಸಂಯಮವೂ ಬೇಕು. ಹಾಗಿರುವಾಗ, 2025ರ ಋತುವಿನ ಬಳಿಕ ರ‍್ಯಾಲಿ ಬಿಟ್ಟು ಮುಚ್ಚಿದ ಟ್ರ್ಯಾಕಿನಲ್ಲಿ ನಡೆಯುವ ಸರ್ಕ್ಯೂಟ್ ರೇಸಿಂಗ್‌ಗೆ ಹೋಗುವುದಾಗಿ ಅವರು ಘೋಷಿಸಿದ್ದು ಅಭಿಮಾನಿಗಳಿಗೆ ನೋವು ತಂದುದು ಸಹಜವೇ.

ಪ್ರಶ್ನೆ: ರೋವನ್‌ಪೆರಾ ಎಂಟರ ವಯಸ್ಸಿನಲ್ಲೇ ಕಾರು ಓಡಿಸುವ ವಿಡಿಯೊ ನೋಡಿ, ಹದಿಮೂರರ ನನ್ನ ಮಗ ತನಗೂ ಕಾರು ಕೊಡಿ ಎಂದು ಹಟ ಹಿಡಿದಿದ್ದಾನೆ. ಏನು ಹೇಳಲಿ?
– ತಂದೆಯೊಬ್ಬರು, ಉಡುಪಿ

ಉತ್ತರ: ಆ ವಿಡಿಯೊದಲ್ಲಿ ಕಾಣದ ಸಂಗತಿಯನ್ನು ಮೊದಲು ಹೇಳಿ. ಹುಡುಗನ ತಂದೆ ಹಾರ್ರಿ ರೋವನ್‌ಪೆರಾ 2001ರ ಸ್ವೀಡನ್ ರ‍್ಯಾಲಿ ಗೆದ್ದ ವೃತ್ತಿಪರ ಚಾಲಕರು. ಮುಂದೆ ಹದಿಹರೆಯದ ಮಗ ಲಾಟ್ವಿಯಾದಲ್ಲಿ ಸ್ಪರ್ಧಿಸಿದಾಗಲೂ, ವಾಹನ ಸಂಚಾರ ಸಂಪೂರ್ಣ ನಿಲ್ಲಿಸಿ, ಸಮಯ ಅಳೆದು ಸ್ಪರ್ಧೆ ನಡೆಸುವ ಸ್ಪೆಷಲ್ ಸ್ಟೇಜ್‌ಗಳಲ್ಲಿ ಮಾತ್ರ ಸ್ಟೀರಿಂಗ್ ಹಿಡಿಯುತ್ತಿದ್ದ. ಒಂದು ಸ್ಟೇಜ್‌ನಿಂದ ಇನ್ನೊಂದಕ್ಕೆ ಸಾರ್ವಜನಿಕ ರಸ್ತೆಯಲ್ಲಿ ಹೋಗುವಾಗ ಪಕ್ಕದಲ್ಲಿ ಕೂತು ದಾರಿ ಹೇಳುವ, ಲೈಸೆನ್ಸ್ ಇದ್ದ ಸಹಚಾಲಕರೇ ಕಾರು ಓಡಿಸುತ್ತಿದ್ದರು. ಹದಿನೇಳಕ್ಕೆ ವಿಶೇಷ ಅನುಮತಿಯಿಂದ ಲೈಸೆನ್ಸ್ ಸಿಕ್ಕ ಮೇಲಷ್ಟೇ, 2017ರಲ್ಲಿ ಅವರು ವಿಶ್ವ ರ‍್ಯಾಲಿಗೆ ಕಾಲಿಟ್ಟರು.

ಬಸ್ಸುಗಳು ಒಂದನ್ನೊಂದು ಹಿಂದಿಕ್ಕಿ ಓಡುವ ನಮ್ಮ ಹೆದ್ದಾರಿಯಲ್ಲಿ ಹದಿಮೂರರ ಹುಡುಗನ ಕೈಗೆ ಕಾರು ಕೊಡುವ ಮಾತೇ ಬೇಡ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ, ಅಪ್ರಾಪ್ತರು ವಾಹನ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ ವಿಧಿಸಲು ಅವಕಾಶವಿದೆ. ಹಾಗೆಂದು ಅವನ ಆಸಕ್ತಿಯನ್ನು ಗದರಿಸಿ ಅಡಗಿಸಬೇಡಿ. ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುದಾರಿಯಲ್ಲಿ ರ‍್ಯಾಲಿ ನಡೆದಾಗ ಕರೆದೊಯ್ದು ತೋರಿಸಿ. ನೀವು ಆಗುಂಬೆ ಘಾಟಿ ಹತ್ತುವಾಗ ಅವನನ್ನು ಪಕ್ಕದಲ್ಲಿ ಕೂರಿಸಿ, ಯಾವ ತಿರುವು ಎಷ್ಟು ಕಡಿದು, ಅದು ಎಡಕ್ಕೋ ಬಲಕ್ಕೋ ಎಂಬುದನ್ನು ಪುಸ್ತಕದಲ್ಲಿ ಬರೆದುಕೊಳ್ಳಲು ಹೇಳಿ. ಚಾಲಕನೂ ಸಹಚಾಲಕನೂ ಸ್ಪರ್ಧೆಗೆ ಮೊದಲು ನಿಧಾನವಾಗಿ ದಾರಿ ನೋಡಿ ಸಿದ್ಧಪಡಿಸುವ ಪೇಸ್‌ನೋಟ್ಸ್ ಎಂದರೆ ಅದೇ, ಮತ್ತು ಅದನ್ನು ಕಲಿಯಲು ಲೈಸೆನ್ಸ್ ಬೇಕಿಲ್ಲ.