ಅಜ್ಜಿಯ ಜೋಗುಳದ ಮರೆತ ಸಾಲುಗಳು

ಅಜ್ಜಿಯ ಜೋಗುಳದ ಎರಡೇ ಸಾಲು ಅಮ್ಮನಿಗೆ ನೆನಪಿದೆ, ಉಳಿದದ್ದನ್ನು ಹೊರತರುವುದು ಹೇಗೆ ಅಂತ ಕೇಳಿದ್ದೀರಿ. ಎದುರು ಕೂರಿಸಿ "ಹೇಳಮ್ಮಾ" ಅನ್ನಬೇಡಿ, ಬರೋದಿಲ್ಲ. ಮಾತು ರಾಗಕ್ಕೆ ಅಂಟಿಕೊಂಡಿರುತ್ತದೆ. ನನ್ನಮ್ಮನೂ ಎಲ್ಲಾ ಮರೆತೋಯ್ತು ಅಂತಿದ್ದವರೇ. ನನ್ನ ಮಗಳನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟುತ್ತಾ ಗುನುಗಿದಾಗ ಮೂರನೇ ಸಾಲು ತಾನಾಗಿ ಬಂತು. ಅದರಲ್ಲಿ ನನ್ನ ಹೆಸರಿತ್ತು; ಅಜ್ಜಿ ಹಾಡುವಾಗ ಅದೇ ಜಾಗದಲ್ಲಿ ಅಮ್ಮನ ಹೆಸರಿತ್ತಂತೆ!

ಚಿಕ್ಕಮ್ಮ, ಸೋದರಮಾವ ಇದ್ದರೆ ಅವರನ್ನೂ ಬೇರೆಬೇರೆಯಾಗಿ ಹಾಡಿಸಿ. ಪದ ಹೊಂದದಿದ್ದರೆ ಜಗಳ ಬೇಡ, ಎರಡನ್ನೂ ಬರೆದಿಡಿ. ಮೊಬೈಲಿನಲ್ಲಿ ರೆಕಾರ್ಡಿಂಗ್ ಹಾಕಿ ಪಕ್ಕಕ್ಕಿಟ್ಟುಬಿಡಿ; ನಡುವಿನ ಕೆಮ್ಮು, ನಗು ಅಳಿಸಬೇಡಿ. ಅಮ್ಮನ ಹೆಗಲಿಗೆ ಕೂಸಿಲ್ಲದಿದ್ದರೆ ದಿಂಬಾದರೂ ಕೊಟ್ಟು ನೋಡಿ.