ಓದುಗರ ಪ್ರಶ್ನೆ: ಸ್ಕ್ರೂ ಅಂದ್ರೆ ಸ್ಕ್ರೂ, ಅಲ್ವಾ?

ಪ್ರಶ್ನೆ: ನನ್ನ ಅತ್ತೆಗೆ 67 ವರ್ಷ. ಕಳೆದ ಮಳೆಗಾಲದಲ್ಲಿ ಸ್ಟೇಷನ್ ಮೆಟ್ಟಿಲ ಮೇಲೆ ಜಾರಿ, ಕೈ ಊರಿ ಬಿದ್ದು ಬಲ ಮಣಿಕಟ್ಟು ಮುರಿದುಕೊಂಡರು. ಅಂಗೈ ಕಡೆಯಿಂದ ಟೈಟೇನಿಯಂ ಪ್ಲೇಟ್ ಇಟ್ಟು ಸ್ಕ್ರೂ ಹಾಕಿದರು. ಮೂಳೆ ಕೂಡಿದೆ. ಆದರೆ ಈಗ ಚಪಾತಿ ಲಟ್ಟಿಸುವಾಗ ಮಣಿಕಟ್ಟಿನ ಹಿಂಬದಿ ಕರಕರ ಅನ್ನುತ್ತದಂತೆ, ಹೆಬ್ಬೆರಳು ಎತ್ತಿದರೆ ನೋವು. ಮಾವ ಮಾತ್ರ, "ಸ್ಕ್ರೂ ಅಂದ್ರೆ ಸ್ಕ್ರೂ. ನಮ್ಮ ಬಾಗಿಲ ಚೌಕಟ್ಟಿನದು 30 ವರ್ಷದಿಂದ ಹಾಗೇ ಇದೆ, ಸುಮ್ನೆ ಬಿಡಿ" ಅನ್ನುತ್ತಾರೆ. ಮೂಳೆಯ ಸ್ಕ್ರೂಗಳನ್ನು ಇನ್ನೂ ಸುರಕ್ಷಿತವಾಗಿ ಮಾಡೋಕೆ ಆಗಲ್ವಾ ಸರ್?
– ಓದುಗರು, ಡೊಂಬಿವಲಿ

ಉತ್ತರ: ಮೊದಲು ಕೆಲಸದ ಮಾತು. ಸುಮ್ನೆ ಬಿಡಬೇಡಿ. ಈ ವಾರವೇ ಡಾಕ್ಟರಿಗೆ ತೋರಿಸಿ. ನಾನು ಡಾಕ್ಟರ್ ಅಲ್ಲ, ಪುಣೆಯ ಭೋಸರಿಯಲ್ಲಿ 22 ವರ್ಷ ಇಂಥ ಸ್ಕ್ರೂಗಳನ್ನೇ ಲೇಥ್ ಮೇಲೆ ಕಡೆದವನು. ಆದರೂ ಇಷ್ಟು ಗೊತ್ತು.

ನಿಮ್ಮದೇ ಮಣಿಕಟ್ಟಿನ ಹಿಂಬದಿ ನಡುವೆ ಬೆರಳಿಟ್ಟು ಸವರಿ. ಅರ್ಧ ಬಟಾಣಿಯಷ್ಟು ಒಂದು ಉಬ್ಬು ಸಿಗುತ್ತದೆ. ಹೆಬ್ಬೆರಳನ್ನು ಮೇಲೆತ್ತುವ ಟೆಂಡನ್, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ, ಆ ಉಬ್ಬಿನ ಪಕ್ಕದ ಸಣ್ಣ ಕಾಲುವೆಯಲ್ಲಿ ತಿರುಗಿ ಹೋಗುತ್ತದೆ, ರಾಟೆಯ ಮೇಲೆ ಬಾವಿ ಹಗ್ಗ ಹೋದ ಹಾಗೆ. ಅಂಗೈ ಕಡೆಯಿಂದ ಹೊರಟ ಸ್ಕ್ರೂ ಈಚೆ ಒಂದೆರಡು ಮಿ.ಮೀ. ಇಣುಕಿದರೆ ಸಾಕು, ಆ ಕಾಲುವೆಗೇ ಬಂದುಬಿಡಬಹುದು. ಉಜ್ಜಿ ಉಜ್ಜಿ ಹಗ್ಗ ಹರಿದರೆ ಹೆಬ್ಬೆರಳು ಏಳುವುದೇ ಇಲ್ಲ. ಪಕ್ಕದಿಂದ ತೆಗೆದ ಎಕ್ಸ್‌ರೇಯಲ್ಲಿ ಆ ಉಬ್ಬು ಅಡ್ಡ ಬಂದು ತುದಿ ಮರೆಯಾಗುವುದೂ ಉಂಟು. ಮಣಿಕಟ್ಟು ಬಗ್ಗಿಸಿ ತೆಗೆಯುವ 'ಸ್ಕೈಲೈನ್' ಎಕ್ಸ್‌ರೇ ಬೇಕೇ ಎಂದು ಡಾಕ್ಟರನ್ನು ಕೇಳಿ.

ಇನ್ನು ಮಾವನವರ ಮಾತು. ಬಡಗಿಯ ಸ್ಕ್ರೂ ಬುಡದಿಂದ ತುದಿಗೆ ಸಣ್ಣಗಾಗುತ್ತದೆ, ಮರವನ್ನು ಬೆಣೆಯ ಹಾಗೆ ಒತ್ತಿಕೊಂಡು ಹೋಗುತ್ತದೆ. ಮೂಳೆಗೆ ಹಾಗೆ ಮಾಡಿದರೆ ಸೀಳುತ್ತದೆ. ಅದಕ್ಕೇ ಮೊದಲು ತೂತು ಕೊರೆಯುತ್ತಾರೆ, 3.5 ಮಿ.ಮೀ. ಸ್ಕ್ರೂಗೆ 2.5 ಮಿ.ಮೀ. ತೂತು. ಕೊರೆಯುವಾಗ ಬಿಸಿಯಾಗಬಾರದು. 47 ಡಿಗ್ರಿಯಲ್ಲಿ ಒಂದು ನಿಮಿಷ ಇದ್ದರೂ ಮೂಳೆಯ ಜೀವಕೋಶಕ್ಕೆ ಪೆಟ್ಟು. ಮರಕ್ಕೆ ಈ ತಾಪತ್ರಯ ಇಲ್ಲ, ಅದು ಸತ್ತಿದೆ.

ವಿನ್ಯಾಸದಲ್ಲಿ ಜಗ್ಗಾಟವೇ ಜಾಸ್ತಿ. ಸ್ಕ್ರೂವಿನ ಒಳಕಾಂಡ ಹತ್ತನೇ ಒಂದು ಪಾಲು ದಪ್ಪ ಮಾಡಿದರೆ, ತಿರುಚಿದಾಗ ಮುರಿಯದೆ ತಡೆಯುವ ಶಕ್ತಿ ಸುಮಾರು ಮೂರನೇ ಒಂದು ಪಾಲು ಏರುತ್ತದೆ. ಭೇಷ್ ಅನ್ನುವಷ್ಟರಲ್ಲಿ ಥ್ರೆಡ್‌ನ, ಅಂದರೆ ಕಾಂಡದ ಸುತ್ತ ಸುರುಳಿಯಾಗಿ ಹೋಗುವ ಏಣಿನ, ಆಳ ಕಡಿಮೆಯಾಗಿರುತ್ತದೆ. ವಯಸ್ಸಾದವರ ಟೊಳ್ಳು ಮೂಳೆಯಲ್ಲಿ ಹಿಡಿತ ಸಿಗುವುದಿಲ್ಲ. ಇದಕ್ಕೆ ಬಂದ ದೊಡ್ಡ ಉಪಾಯ ಲಾಕಿಂಗ್ ಸ್ಕ್ರೂ. ಅದರ ತಲೆಗೂ ಥ್ರೆಡ್ ಇದ್ದು ಪ್ಲೇಟ್‌ನೊಳಗೇ ಕಚ್ಚಿಕೊಳ್ಳುತ್ತದೆ. ಹಾಗಾಗಿ ತುದಿ ಮೂಳೆಯ ಆಚೆ ಗೋಡೆಯನ್ನು ತೂರಿ ಹಿಡಿಯಲೇಬೇಕೆಂದಿಲ್ಲ. ಮಣಿಕಟ್ಟಿನಲ್ಲಿ ಇದೇ ದೊಡ್ಡ ಲಾಭ. ಉದ್ದ ಬೇಕೆಂದೇ ಸ್ವಲ್ಪ ಕಡಿಮೆ ಇಡಬಹುದು, ತುದಿಯನ್ನು ಗುಂಡಗೆ ಮಾಡಬಹುದು. ಥ್ರೆಡ್ಡೇ ಇಲ್ಲದ ನುಣುಪು ಮೊಳೆಯಂಥದ್ದೂ ಬಂದಿದೆ. ಅಳತೆ 19 ಮಿ.ಮೀ. ಬಂದು, ಡಬ್ಬಿಯಲ್ಲಿ 18 ಮತ್ತು 20 ಮಾತ್ರ ಇದ್ದರೆ 18 ತೆಗೆದುಕೊಳ್ಳಬೇಕು. ಗಟ್ಟಿ ಇರಲಿ ಅಂತ 20ಕ್ಕೆ ಕೈ ಹೋಗುವುದು ಮನುಷ್ಯರ ಚಪಲ!

ನಮ್ಮ ಶಾಪ್‌ನಲ್ಲಿ ತುದಿಯದೇ ತಲೆನೋವು. ಕಡೆದಾದ ಮೇಲೆ ಅಂಚಿನಲ್ಲಿ ಕಣ್ಣಿಗೆ ಕಾಣದ ಲೋಹದ ಸಿಬಿರು ಉಳಿಯುತ್ತದೆ, ನಾವು 'ಬರ್' ಅನ್ನುತ್ತೇವೆ. ನಾನು ಹತ್ತಿಯ ಎಳೆಯೊಂದನ್ನು ಥ್ರೆಡ್ ಗುಂಟ ಎಳೆಯುತ್ತಿದ್ದೆ. ಒಂದು ನೂಲು ಸಿಕ್ಕಿಕೊಂಡರೂ ಆ ಸ್ಕ್ರೂ ಕೆಂಪು ಡಬ್ಬಿಗೆ. ಆಪರೇಟರ್ ಹುಡುಗರು ಬೆನ್ನ ಹಿಂದೆ ನನ್ನನ್ನು 'ಕಾಪೂಸ್ ಸಾಹೇಬ್' ಅಂತಿದ್ದರು. ಕಾಪೂಸ್ ಅಂದ್ರೆ ಮರಾಠಿಯಲ್ಲಿ ಹತ್ತಿ.

ಸ್ಕ್ರೂ ತಲೆಯ ವಿಷಯ ಸ್ವಂತ ಅನುಭವದಿಂದ ಕಲಿತೆ. ಸ್ಕೂಟರಿನಿಂದ ಬಿದ್ದು ಮೊಣಕಾಲ ಕೆಳಗಿನ ಮೂಳೆ ಮುರಿದಿತ್ತು. ಒಂದೂವರೆ ವರ್ಷದ ಮೇಲೆ ಪ್ಲೇಟ್ ತೆಗೆಯಲು ಮಲಗಿದೆ. ಅರ್ಧ ಗಂಟೆಯ ಕೆಲಸ ಅಂದಿದ್ದರು, ಎರಡು ಗಂಟೆ ಮೀರಿತು. ಸೊಂಟದ ಕೆಳಗೆ ಮಾತ್ರ ಮರಗಟ್ಟಿಸಿದ್ದರಿಂದ ಎಲ್ಲಾ ಕೇಳಿಸುತ್ತಿತ್ತು. ಒಂದು ಸ್ಕ್ರೂ ಪ್ಲೇಟಿಗೆ ಜಾಮ್ ಆಗಿ, ಡ್ರೈವರ್ ಕೂರುವ ಆರು ಮೂಲೆಯ ಗುಳಿ ಸವೆದು ಗುಂಡಗಾಗಿತ್ತು. ಸವೆದ ಸ್ಕ್ರೂ ಕೀಳುವ ಉಲ್ಟಾ ಥ್ರೆಡ್‌ನ ಎಕ್ಸ್‌ಟ್ರಾಕ್ಟರ್ ಕೂಡ ಹಿಡಿಯಲಿಲ್ಲ. ಕೊನೆಗೆ ತಲೆಯನ್ನೇ ಕೊರೆದು ತೆಗೆದರು. ಕಾಂಡ ಇನ್ನೂ ನನ್ನ ಕಾಲಲ್ಲೇ ಇದೆ. ಟೈಟೇನಿಯಂಗೆ ಟೈಟೇನಿಯಂ ಉಜ್ಜಿದರೆ ಹೀಗೆ ಅಂಟಿಕೊಳ್ಳುವ ಚಾಳಿ ಇದೆ ಅಂತ ನನಗೆ ಪಾಠವಾಗಿ ಗೊತ್ತಿತ್ತು, ಅಷ್ಟೇ.

ಅಂದಿನಿಂದ ಯಾವ ಡ್ರಾಯಿಂಗ್ ಬಂದರೂ ನಾನು ಕೇಳುತ್ತಿದ್ದ ಮೊದಲ ಪ್ರಶ್ನೆ, ಇದು ವಾಪಸ್ ಬರುವುದು ಹೇಗೆ? ಆರು ಮೂಲೆಯ ಗುಳಿಗಿಂತ ನಕ್ಷತ್ರದ ಗುಳಿಯಲ್ಲಿ ಡ್ರೈವರ್ ಕಡಿಮೆ ಜಾರುತ್ತದೆ. ಬಿಗಿಯುವಾಗ ಟಾರ್ಕ್ (ತಿರುಚುವ ಬಲ) ಮಿತಿಯ ಡ್ರೈವರ್ ಇದ್ದರೆ 3.5 ಮಿ.ಮೀ. ಲಾಕಿಂಗ್ ಸ್ಕ್ರೂಗೆ ಸಾಮಾನ್ಯವಾಗಿ 1.5 ನ್ಯೂಟನ್ ಮೀಟರ್‌ಗೆ 'ಟಕ್' ಅಂತ ನಿಲ್ಲುತ್ತದೆ, ಅತಿ ಬಿಗಿತವಿಲ್ಲ. ಮಾವನವರಿಗೆ ಹೇಳಿ, ಚೌಕಟ್ಟಿನ ಆ 30 ವರ್ಷದ ಸ್ಕ್ರೂ ಒಂದನ್ನು ಬಿಚ್ಚಿ ತೋರಿಸಲಿ.

ಮೈಯಲ್ಲೇ ಕರಗುವ ಮ್ಯಾಗ್ನೀಸಿಯಂ ಸ್ಕ್ರೂಗೆ ಯುರೋಪಿನಲ್ಲಿ 2013ರಲ್ಲೇ ಒಪ್ಪಿಗೆಯ ಮುದ್ರೆ ಬಿತ್ತು. ಕರಗುವಾಗ ಹೈಡ್ರೋಜನ್ ಗಾಳಿ ಬಿಡುತ್ತದೆ, ಅದು ನಿಧಾನವಾಗಿ ಬರುವಂತೆ ನೋಡಿಕೊಳ್ಳಬೇಕು.

ಅತ್ತೆಯವರ ಪ್ಲೇಟ್ ತೆಗೆಯೋಣ ಅಂತ ಡಾಕ್ಟರು ಹೇಳಿದರೆ ಹೋಗುವ ಮುಂಚೆ ಹಳೆಯ ಫೈಲ್ ತೆಗೆದು ನೋಡಿ. ಪ್ಲೇಟ್, ಸ್ಕ್ರೂಗಳ ಕಂಪನಿ ಮತ್ತು ಲಾಟ್ ನಂಬರ್ ಇರುವ ಸಣ್ಣ ಸ್ಟಿಕ್ಕರ್‌ಗಳು ಅಂಟಿಸಿರಬೇಕು. ಅದರ ಫೋಟೋ ತೆಗೆದು ಮೊದಲೇ ಕಳಿಸಿ. ಸರಿಯಾದ ಡ್ರೈವರ್ ತರಿಸಿಟ್ಟುಕೊಳ್ಳಲು ಅವರಿಗೆ ಎರಡು ದಿನ ಬೇಕಾಗಬಹುದು.