ನಮ್ಮೂರಿನ ಹಳೇ ಇತಿಹಾಸಕ್ಕೆ ಯಾವ ಪುಸ್ತಕ ನೋಡಬೇಕು?

ಹಳೇ ಮೈಸೂರು ಕಡೆಯವರಾದರೆ ಮೊದಲು ‘ಎಪಿಗ್ರಾಫಿಯಾ ಕರ್ನಾಟಿಕಾ’ ತೆಗೆಯಿರಿ. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆ ನೋಡಿಕೊಳ್ಳುತ್ತಿದ್ದ ಬಿ.ಎಲ್. ರೈಸ್ ಅವರು 1886ರಿಂದ ಸುಮಾರು ಎರಡು ದಶಕ ಹೊರತಂದ ಶಾಸನ ಸಂಪುಟಗಳಿವು. ಶಾಸನಗಳು ತಾಲ್ಲೂಕುವಾರು ಇವೆ, ಹುಡುಕೋದು ಸುಲಭ.

ಕೊಳ್ಳೋದಾದರೆ ಹಳೆಯದರ ಮರುಮುದ್ರಣಕ್ಕಿಂತ ಮೈಸೂರು ವಿಶ್ವವಿದ್ಯಾನಿಲಯ 1972ರಿಂದ ತಂದ ಪರಿಷ್ಕೃತ ಆವೃತ್ತಿ ಒಳ್ಳೆಯದು. ರೈಸ್ ಕಾಲದ ನಂತರ ಸಿಕ್ಕ ಶಾಸನಗಳೂ ಅದರಲ್ಲಿವೆ. ಆದರೆ ಸಂಪುಟದ ಸಂಖ್ಯೆ, ಶಾಸನದ ಸಂಖ್ಯೆ ಎರಡೂ ಹಳೆಯದಕ್ಕಿಂತ ಬೇರೆ. ಟಿಪ್ಪಣಿ ಮಾಡುವಾಗ ಯಾವ ಆವೃತ್ತಿ ಅಂತ ಬರೆದಿಟ್ಟುಕೊಳ್ಳಿ, ಇಲ್ಲದಿದ್ದರೆ ಆಮೇಲೆ ತುಂಬಾ ಗೊಂದಲ.

ರಾಜರ ಹೆಸರಿಗೇ ನಿಲ್ಲಬೇಡಿ. ದಾನ ಕೊಟ್ಟ ಗದ್ದೆಯ ಎಲ್ಲೆ ಹೇಳುವಾಗ ಕೆರೆ, ಹಳ್ಳ, ಹುಣಸೆಮರ ಎಲ್ಲಾ ಬರುತ್ತವೆ. ಕೊನೆಗೆ, ಈ ದಾನ ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆ (ಕಪಿಲೆ ಹಸು) ಕೊಂದ ಪಾಪ ಎಂಬ ಶಾಪ. ಆ ಕಾಲದ ಜಮೀನು ಕಾನೂನು ಇಲ್ಲೇ ಕಾಣುತ್ತದಲ್ವಾ!